ಕೆಟ್ಟು ಪಟ್ಟಣ ಸೇರು

‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮೂರೇ ಪದಗಳ ಗಾದೆ. ಕೆಟ್ಟವನು ಯಾರು, ಯಾವ ಪಟ್ಟಣವನ್ನು ಸೇರಬೇಕು, ಸೇರಿದ ಮೇಲೆ ಮಾಡಬೇಕಾದದ್ದೇನು ಎಂಬುದರ ಸುಳಿವು ಅದರಲ್ಲಿಲ್ಲ. ಕೊನೆಗೊಂದು ವಿಧ್ಯರ್ಥಕ ಕ್ರಿಯಾಪದವಿದೆ: ಸೇರು. ‘ಕೆಲಸವನ್ನು ಗೊತ್ತುಮಾಡಿಕೊಂಡು ಪಟ್ಟಣ ಸೇರು’ ಎಂದು ನಮ್ಮ ಹಿರಿಯರು ಹೇಳಲಿಲ್ಲ. ಮೊದಲು ಸೇರು, ಮಿಕ್ಕದ್ದು ಆಮೇಲೆ ಎಂಬುದೇ ಆ ಮಾತಿನ ಧ್ವನಿ. ಕೈಯಲ್ಲಿ ಉದ್ಯೋಗದ ಆದೇಶಪತ್ರವಿಲ್ಲದೆ, ಒಂದು ಚೀಲವನ್ನೂ ಒಂದು ವಿಳಾಸದ ಚೀಟಿಯನ್ನೂ ಹಿಡಿದು ಅರಿಯದ ನಗರದಲ್ಲಿ ಇಳಿಯುವವರನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಲು ಬಯಸುತ್ತೇನೆ.

ಬುದ್ಧಿವಂತರ ಲೆಕ್ಕದಲ್ಲಿ ಇದು ಅವಿವೇಕದ ಕೆಲಸ. ‘ಕೈಯಲ್ಲಿ ಕೆಲಸವಿಲ್ಲದೆ ಅಲ್ಲಿಗೆ ಹೋಗಿ ಏನು ಮಾಡುತ್ತೀಯೆ?’ ಎಂದು ಕೇಳದ ತಂದೆತಾಯಿಗಳಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಆದರೂ ಜನ ಹೋಗುತ್ತಲೇ ಬಂದಿದ್ದಾರೆ. ಮುಂಬಯಿಯನ್ನೇ ತೆಗೆದುಕೊಳ್ಳೋಣ. 1854ರಲ್ಲಿ ಅಲ್ಲಿ ಮೊದಲ ಹತ್ತಿಗಿರಣಿಯ ಸ್ಥಾಪನೆಯಾದ ಮೇಲೆ ಘಟ್ಟದಿಂದ, ಕೊಂಕಣದಿಂದ, ನಮ್ಮ ಕರಾವಳಿಯಿಂದ ಜನ ಅಲೆ ಅಲೆಯಾಗಿ ಆ ನಗರವನ್ನು ಸೇರಿದರು. 1921ರ ಜನಗಣತಿಯ ವೇಳೆಗೆ ಆ ನಗರದ ನಿವಾಸಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಬೇರೆಡೆ ಹುಟ್ಟಿ ಬಂದವರಾಗಿದ್ದರು. ಇವರೆಲ್ಲರೂ ನೌಕರಿ ಗೊತ್ತಾದ ಮೇಲೆಯೇ ಊರು ಬಿಟ್ಟಿದ್ದರೆ ಆ ನಗರ ಕಟ್ಟಿಕೊಳ್ಳುತ್ತಲೇ ಇರಲಿಲ್ಲ.

ಹಾಗಾದರೆ ಇವರು ಯಾವ ಲೆಕ್ಕದ ಮೇಲೆ ಹೋದರು? 1970ರಲ್ಲಿ ಜಾನ್ ಹ್ಯಾರಿಸ್ ಮತ್ತು ಮೈಕೆಲ್ ಟೊಡಾರೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಟ್ಟರು. ಪೂರ್ವ ಆಫ್ರಿಕದ ನಗರಗಳಲ್ಲಿ ನಿರುದ್ಯೋಗಿಗಳು ತುಂಬಿದ್ದರೂ ಹಳ್ಳಿಯ ಜನ ಅಲ್ಲಿಗೆ ಬರುವುದು ನಿಲ್ಲಲಿಲ್ಲವಲ್ಲ, ಏಕೆ ಎಂಬುದು ಅವರನ್ನು ಕಾಡಿದ ಸಂಗತಿ. ಹೊರಡುವವನು ತೂಗಿನೋಡುವುದು ನಗರದ ಕೂಲಿಯನ್ನಷ್ಟೇ ಅಲ್ಲ, ಆ ಕೂಲಿ ತನಗೆ ಸಿಗಬಹುದಾದ ಸಂಭವವನ್ನು ಕೂಡ ಎಂದು ಅವರು ತೋರಿಸಿದರು. ಊರಿನಲ್ಲಿ ತಿಂಗಳಿಗೆ 8,000 ರೂಪಾಯಿ ಖಚಿತವಾಗಿದೆ ಎಂದಿಟ್ಟುಕೊಳ್ಳೋಣ. ನಗರದಲ್ಲಿ 20,000 ಸಿಗುತ್ತದೆ, ಆದರೆ ಹೋದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ. ಇಪ್ಪತ್ತರಲ್ಲಿ ಅರ್ಧ ಹತ್ತು. ಹತ್ತು ಎಂಟಕ್ಕಿಂತ ಹೆಚ್ಚು. ಹೀಗೆ ಕಾಗದ ಪೆನ್ಸಿಲು ಹಿಡಿಯದವನೂ ಮನಸ್ಸಿನಲ್ಲಿಯೇ ಲೆಕ್ಕ ಹಾಕಿ ಹೊರಡುತ್ತಾನೆ. ಇದರಲ್ಲಿ ಇನ್ನೊಂದು ವಿಪರ್ಯಾಸವೂ ಇದೆ. ನಗರದಲ್ಲಿ ಹೊಸದಾಗಿ ನೂರು ಉದ್ಯೋಗಗಳು ಹುಟ್ಟಿದರೆ ನಿರುದ್ಯೋಗಿಗಳು ನೂರರಷ್ಟು ಕಡಿಮೆಯಾಗುವುದಿಲ್ಲ. ಆ ಸುದ್ದಿ ಕೇಳಿ ನೂರಕ್ಕಿಂತ ಹೆಚ್ಚು ಜನ ಬಂದಾರು.

ಈ ಲೆಕ್ಕ ಸರಿಯಾದದ್ದೇ ಇರಬಹುದು. ಆದರೆ ಅದರಲ್ಲಿ ಒಂದು ಕೊರತೆ ನನಗೆ ಕಾಣುತ್ತದೆ. ಇಬ್ಬರಲ್ಲಿ ಒಬ್ಬನಿಗೆ ಕೆಲಸ ಸಿಗುತ್ತದೆ ಎಂಬುದು ಕಾಗದದ ಮೇಲಿನ ಸರಾಸರಿ. ಹೋದವನಿಗೆ ಅರ್ಧ ಕೆಲಸ ಸಿಗುವುದಿಲ್ಲ. ಸಿಗುತ್ತದೆ, ಇಲ್ಲವೇ ಇಲ್ಲ. ಸಿಗದೆ ಇರುವ ದಿನಗಳಲ್ಲಿ ಅವನು ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ, ಊರಿಗೆ ಏನೆಂದು ಬರೆಯುತ್ತಾನೆ? ಗಾದೆಯಲ್ಲಿ ‘ಕೆಟ್ಟು’ ಎಂಬ ಪದಕ್ಕೂ ‘ಸೇರು’ ಎಂಬ ಪದಕ್ಕೂ ನಡುವೆ ಇರುವ ಬಿಡುವೇ ನಿಜವಾದ ಪರೀಕ್ಷೆಯ ಕಾಲ. ನಗರಕ್ಕೆ ಹೋದವರ ಗೆಲುವಿನ ಕಥೆಗಳಲ್ಲಿ ಈ ಬಿಡುವಿನ ಪ್ರಸ್ತಾಪ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ‘ಆರಂಭದಲ್ಲಿ ತುಂಬ ಕಷ್ಟಪಟ್ಟರು’ ಎಂದರೆ ಆಯಿತು.

ಇನ್ನೊಂದು ಮಾತು. ಪಟ್ಟಣ ಸೇರುವವರು ನಿಜವಾಗಿ ‘ಕೆಟ್ಟವರೇ’? ಪೂರ್ತಿ ಕೆಟ್ಟವನ ಬಳಿ ಬಸ್ಸಿನ ದುಡ್ಡೂ ಇರುವುದಿಲ್ಲ. ಹೊರಡುವವನಿಗೆ ದಾರಿಯ ಖರ್ಚು ಬೇಕು, ಕೆಲವು ದಿನಗಳ ಊಟದ ಖರ್ಚು ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿ ಯಾರೋ ಒಬ್ಬರ ಹೆಸರು ಗೊತ್ತಿರಬೇಕು. ಆದ್ದರಿಂದ ಊರಿನಲ್ಲಿ ಅತ್ಯಂತ ಬಡವನಾದವನು ಅನೇಕ ವೇಳೆ ಊರಿನಲ್ಲಿಯೇ ಉಳಿಯುತ್ತಾನೆ. ಸ್ವಲ್ಪ ಉಳಿಸಿಕೊಂಡವನು, ತಾಯಿಯ ಬಳೆಯನ್ನೋ ಮನೆಯ ಕರುವನ್ನೋ ಮಾರಬಲ್ಲವನು ಹೊರಡುತ್ತಾನೆ. ಹೀಗೆ ಹೊರಡುವಾಗ ಅವನು ತನ್ನೊಬ್ಬನ ಬದುಕನ್ನಲ್ಲ, ಮನೆಯವರೆಲ್ಲರ ಸಣ್ಣದೊಂದು ಗಂಟನ್ನು ಪಣಕ್ಕೆ ಒಡ್ಡಿರುತ್ತಾನೆ. ಅವನ ಸಂಕೋಚ, ಅವನ ಸುಳ್ಳು, ಅವನ ಹಠ ಎಲ್ಲವೂ ಈ ಗಂಟಿನಿಂದ ಹುಟ್ಟುತ್ತವೆ.

ನಮ್ಮ ಕರಾವಳಿಯ ಹುಡುಗರು ಮುಂಬಯಿಗೆ ಹೋದ ಬಗೆಯನ್ನು ಗಮನಿಸಿದರೆ ಈ ಬಿಡುವನ್ನು ದಾಟಲು ಸಮಾಜವು ಕಟ್ಟಿಕೊಂಡ ಸೇತುವೆಗಳು ಕಣ್ಣಿಗೆ ಬೀಳುತ್ತವೆ. ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ತಿಯಾಗಿ ತೆರೆಯುವ ಮೊದಲು ಅದು ದೂರದ ಪ್ರಯಾಣ. ಒಂದು ಕಾಲದಲ್ಲಿ ಹಡಗು, ಆಮೇಲೆ ಘಟ್ಟ ಹತ್ತಿ ಹೋಗುವ ಬಸ್ಸು. ಹೋದ ಹುಡುಗನಿಗೆ ಮೊದಲು ಆಸರೆ ಕೊಟ್ಟದ್ದು ಉಡುಪಿ ಹೊಟೇಲು. ಅಲ್ಲಿ ಲೋಟ ತೊಳೆಯುವ, ಮೇಜು ಒರೆಸುವ ಕೆಲಸಕ್ಕೆ ಪ್ರಮಾಣಪತ್ರ ಬೇಕಿರಲಿಲ್ಲ. ಸಂಬಳ ಅತ್ಯಲ್ಪ, ಆದರೆ ಎರಡು ಹೊತ್ತಿನ ಊಟವಿತ್ತು, ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗಲು ಜಾಗವಿತ್ತು. ಅನ್ನ ಮತ್ತು ಸೂರು ಎಂಬ ಎರಡು ಚಿಂತೆಗಳನ್ನು ಒಂದೇ ಏಟಿಗೆ ಕಳೆಯುವ ಇಂಥ ಕೆಲಸ ಬೇರೆ ಯಾವುದಿತ್ತು? ಅಲ್ಲಿನ ದುಡಿಮೆಯ ಹೊತ್ತಿಗೆ ಮಿತಿಯಿರಲಿಲ್ಲ, ಧಣಿಗಳೆಲ್ಲರೂ ದಯಾಳುಗಳಾಗಿರಲಿಲ್ಲ, ಎಳೆಯ ವಯಸ್ಸಿನ ಮಕ್ಕಳೂ ಅಲ್ಲಿ ದುಡಿದರು ಎಂಬುದನ್ನು ಮರೆಮಾಚಬಾರದು. ಹಾಗೆಂದು ಆ ಸೇತುವೆಯೇ ಇರಲಿಲ್ಲವೆನ್ನುವಂತಿಲ್ಲ.

ಎರಡನೆಯ ಸೇತುವೆ ರಾತ್ರಿಶಾಲೆ. ಹಗಲು ಹೊಟೇಲಿನಲ್ಲಿ ದುಡಿದ ಹುಡುಗ ಸಂಜೆ ಕೈತೊಳೆದುಕೊಂಡು ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತ. ಹಗಲು ಕಚೇರಿಯಲ್ಲಿ ದುಡಿದವರು ರಾತ್ರಿ ಅವನಿಗೆ ಪಾಠ ಹೇಳಿದರು. ಹೀಗೆ ಓದಿ ಬ್ಯಾಂಕಿನ ಗುಮಾಸ್ತರಾದವರು, ವಕೀಲರಾದವರು, ತಾವೇ ಹೊಟೇಲು ತೆರೆದವರು, ಲೇಖಕರಾದವರು ಮುಂಬಯಿ ಕನ್ನಡಿಗರಲ್ಲಿ ಅನೇಕರಿದ್ದಾರೆ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1927ರ ಬಂಟರ ಸಂಘ ಇವೇ ಮೊದಲಾದ ಸಂಸ್ಥೆಗಳ ಇತಿಹಾಸವನ್ನು ನಾವು ಸಭೆ ಸಮಾರಂಭಗಳ ಇತಿಹಾಸವೆಂದು ಓದುತ್ತೇವೆ. ಹೊಸದಾಗಿ ಬಂದಿಳಿದವನ ದೃಷ್ಟಿಯಲ್ಲಿ ಅವು ಬೇರೆಯೇ. ಪರಿಚಯವಿಲ್ಲದ ನಗರದಲ್ಲಿ ತನ್ನ ಊರಿನ ಹೆಸರು ಹೇಳಿದರೆ ‘ಯಾರ ಮನೆಯವನು?’ ಎಂದು ಕೇಳುವವರಿದ್ದ ಜಾಗ ಅದು.

ಇದು ಕನ್ನಡಿಗರದಷ್ಟೇ ಜಾಣ್ಮೆಯಲ್ಲ. ಗೋವೆಯ ಕ್ರೈಸ್ತರು ಮುಂಬಯಿಯ ಧೋಬಿ ತಲಾವ್ ಮುಂತಾದೆಡೆ ‘ಕುಡ್’ ಎಂದು ಕರೆಯುವ ವಸತಿಗಳನ್ನು ಕಟ್ಟಿಕೊಂಡರು. ಒಂದೊಂದು ಹಳ್ಳಿಗೆ ಒಂದೊಂದು ಕುಡ್. ಗೋಡೆಗೆ ಒತ್ತಿ ಒಬ್ಬೊಬ್ಬನದು ಒಂದೊಂದು ಪೆಟ್ಟಿಗೆ, ಒಂದು ಮೂಲೆಯಲ್ಲಿ ಪ್ರಾರ್ಥನೆಯ ಪೀಠ. ಹಡಗಿನ ಕೆಲಸಕ್ಕಾಗಿ ಕಾಯುವವನು ತಿಂಗಳುಗಟ್ಟಲೆ ಅತ್ಯಲ್ಪ ಬಾಡಿಗೆಗೆ ಅಲ್ಲಿರಬಹುದಾಗಿತ್ತು. ಗಿರಣಿಗಳಲ್ಲಿಯಾದರೋ ‘ಬದಲಿ’ ಎಂಬ ಒಂದು ವರ್ಗವೇ ಇತ್ತು. ಖಾಯಂ ಕೆಲಸಗಾರ ಅಂದು ಬಾರದಿದ್ದರೆ ಅವನ ಜಾಗದಲ್ಲಿ ದುಡಿಯಲು ಮುಂಜಾನೆಯೇ ಗಿರಣಿಯ ಬಾಗಿಲಲ್ಲಿ ನಿಂತು ಕಾಯುವವರು ಅವರು. ಅವರಿಗೂ ಖಾಯಂ ಕೆಲಸಗಾರರಿಗೂ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದವರು ‘ಖಾನಾವಳಿ’ಯ ಹೆಂಗಸರು. ಆ ಹೆಂಗಸರನ್ನು ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವೆಂಬ ಸಂಸ್ಥೆಯಲ್ಲಿ ಸಂಘಟಿಸಿದರು. ಕೆಲಸವಿಲ್ಲದವನು ಕಾಯುವುದಕ್ಕೂ ಒಂದು ಬಾಗಿಲು, ಒಂದು ಮೂಲೆ, ಒಂದು ತಟ್ಟೆ ಬೇಕು. ಆ ಮೂರನ್ನು ಒದಗಿಸಿದವರ ಹೆಸರುಗಳು ನಗರದ ಚರಿತ್ರೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣಿಸುವುದಿಲ್ಲ.

ಇನ್ನು ಕೆಲಸ ದೊರೆಯುವ ಬಗೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದ. ಬಾಸ್ಟನ್ ಸಮೀಪದ ಊರೊಂದರಲ್ಲಿ ಹೊಸದಾಗಿ ಕೆಲಸ ಬದಲಾಯಿಸಿದವರನ್ನು ಕಂಡು, ಆ ಕೆಲಸದ ಸುದ್ದಿ ನಿಮಗೆ ಯಾರಿಂದ ತಿಳಿಯಿತು ಎಂದು ವಿಚಾರಿಸಿದ್ದ. ಪರಿಚಿತರಿಂದ ತಿಳಿದು ಕೆಲಸ ಪಡೆದವರಲ್ಲಿ, ತಾವು ಪದೇ ಪದೇ ಕಾಣುವ ಆಪ್ತರಿಂದ ತಿಳಿದೆವೆಂದವರು ನೂರಕ್ಕೆ 17 ಮಂದಿಯಷ್ಟೇ. ಉಳಿದವರಿಗೆ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಕಾಣುವವರಿಂದ, ಅಪರೂಪಕ್ಕೆ ಎದುರಾಗುವವರಿಂದ. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ದೂರದ ಪರಿಚಿತನು ಬೇರೆ ಬೀದಿಯ ಸುದ್ದಿಯನ್ನು ತರುತ್ತಾನೆ. ಅವನು ವಿಚಾರಿಸಿದ್ದು ಪರದೇಶದ ವಿದ್ಯಾವಂತ ನೌಕರರನ್ನು. ನಮ್ಮ ಹೊಟೇಲಿನ ಹುಡುಗನಿಗೆ ಅದು ಹಾಗೆಯೇ ಅನ್ವಯಿಸದಿರಬಹುದು. ಆದರೆ ಒಂದು ತಿಳಿವಳಿಕೆಯನ್ನು ಅದರಿಂದ ತೆಗೆದುಕೊಳ್ಳಬಹುದು. ಊರಿನವರ ಕೋಣೆ ಮೊದಲ ತಿಂಗಳಿಗೆ ಆಸರೆ. ಅಲ್ಲಿಯೇ ಕುಳಿತುಬಿಟ್ಟರೆ ಊರಿನವರಿಗೆ ಗೊತ್ತಿರುವ ಕೆಲಸಗಳ ಆಚೆಗೆ ಏನೂ ಕಾಣುವುದಿಲ್ಲ. ರಾತ್ರಿಶಾಲೆಯ ಬೆಂಚು ಉಪಯೋಗಕ್ಕೆ ಬಂದದ್ದು ಪಾಠದಿಂದ ಮಾತ್ರವಲ್ಲ. ಬೇರೆ ಬೇರೆ ಬೀದಿಯವರು ಅಲ್ಲಿ ಒಂದೆಡೆ ಕುಳಿತಿದ್ದರು.

ಈ ಎಲ್ಲ ಸೇತುವೆಗಳಿದ್ದರೂ ದಾಟಲಾಗದ ಒಂದು ಹಳ್ಳವಿದೆ. ನನ್ನ ತರಗತಿಯಲ್ಲಿ ಓದಿದ ಒಬ್ಬ ಹುಡುಗ ಪದವಿ ಮುಗಿಸಿ 1986ರಲ್ಲಿ ಮುಂಬಯಿಗೆ ಹೋದ. ಹಳಗನ್ನಡವನ್ನು ತಪ್ಪಿಲ್ಲದೆ ಓದುತ್ತಿದ್ದ ಹುಡುಗ. ಅಲ್ಲಿ ಅವನಿಗೆ ಸಿಕ್ಕಿದ್ದು ಹೊಟೇಲಿನ ಕೆಲಸ. ಮನೆಗೆ ಬರೆದ ಮೊದಲ ಇನ್‌ಲ್ಯಾಂಡ್ ಪತ್ರದಲ್ಲಿ ‘ಬ್ಯಾಂಕಿನಲ್ಲಿ ಆಗುವ ಹಾಗಿದೆ’ ಎಂದು ಬರೆದ. ಮೂರನೆಯ ಪತ್ರದ ಹೊತ್ತಿಗೆ ಅದು ‘ಬ್ಯಾಂಕಿನಲ್ಲಿ ಆಯಿತು’ ಎಂದಾಗಿತ್ತು. ತಾಯಿ ಆ ಸುದ್ದಿಯನ್ನು ಕೇರಿಯವರಿಗೆಲ್ಲ ಹೇಳಿದರು. ಮುಂದಿನ ವರ್ಷ ಮಳೆಗಾಲದಲ್ಲಿ ತಂದೆ ಹಾಸಿಗೆ ಹಿಡಿದರು. ಬಾ ಎಂದು ಪತ್ರ ಹೋಯಿತು, ತಂತಿ ಹೋಯಿತು. ಬ್ಯಾಂಕಿನವರು ರಜೆ ಕೊಡಲಿಲ್ಲವೆಂದು ಅವನಿಂದ ಉತ್ತರ ಬಂತು. ಹೊಟೇಲಿನಿಂದ ರಜೆ ಪಡೆಯುವುದು ಅಸಾಧ್ಯವಾಗಿರಲಿಲ್ಲ. ಬಸ್ಸಿನ ದುಡ್ಡೂ ಹೇಗೋ ಹುಟ್ಟುತ್ತಿತ್ತು. ಆದರೆ ಸವೆದ ಚಪ್ಪಲಿ ಮೆಟ್ಟಿ, ಸೋಡಾ ನೀರಿನಲ್ಲಿ ಒಡೆದ ಕೈಬೆರಳುಗಳನ್ನು ಹೊತ್ತು ಬ್ಯಾಂಕಿನ ನೌಕರ ಊರಿನೊಳಗೆ ಹೇಗೆ ಕಾಲಿಡುವುದು? ಅವನು ಬಂದದ್ದು ಹದಿಮೂರನೆಯ ದಿನಕ್ಕೆ.

ಎಷ್ಟೋ ವರ್ಷಗಳಾದ ಮೇಲೆ ಅವನೇ ನನಗೆ ಇದನ್ನು ಹೇಳಿದ. ಆ ವೇಳೆಗೆ ಅವನು ಟೈಪಿಂಗ್ ಕಲಿತು, ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಡೊಂಬಿವಲಿಯಲ್ಲಿ ಸ್ವಂತದ ಎರಡು ಕೋಣೆಗಳ ಮನೆ ಮಾಡಿದ್ದ. ಜನರ ಕಣ್ಣಿಗೆ ಗೆದ್ದವನು. ‘ಸಾರ್, ಹಸಿವು ದೊಡ್ಡದಾಗಿರಲಿಲ್ಲ. ನೆಲದ ಮೇಲೆ ಮಲಗಿದ್ದೂ ದೊಡ್ಡದಲ್ಲ. ರಜೆ ಸಿಗಲಿಲ್ಲ ಎಂದು ಬರೆದೆನಲ್ಲ, ಆ ಒಂದು ಸಾಲು ದೊಡ್ಡದಾಯಿತು’ ಎಂದ. ಮರಳಿ ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ಸುಳ್ಳು ಬರೆದವನು ಅವನಾದರೂ, ಆ ಸುಳ್ಳನ್ನು ಬರೆಯಿಸಿದವರು ನಾವೆಲ್ಲರೂ ಅಲ್ಲವೇ ಎಂದು ಆಮೇಲೆ ಯೋಚಿಸಿದ್ದೇನೆ. ‘ಮಗ ಎಲ್ಲಿದ್ದಾನೆ, ಏನು ಕೆಲಸ, ಎಷ್ಟು ಸಂಬಳ?’ ಎಂದು ತಾಯಿಯನ್ನು ನಿಲ್ಲಿಸಿ ಕೇಳುವವರು ಊರಿನಲ್ಲಿ ಎಷ್ಟು ಮಂದಿ! ‘ಇನ್ನೂ ಹುಡುಕುತ್ತಿದ್ದಾನೆ’ ಎಂಬ ಉತ್ತರವನ್ನು ಗೌರವದಿಂದ ಕೇಳಿಸಿಕೊಳ್ಳುವವರು ಎಷ್ಟು ಮಂದಿ?

ಗಾದೆಯ ದೋಷವೊಂದು ಇಲ್ಲಿ ಕಾಣುತ್ತದೆ. ಕೆಟ್ಟವನು ಪಟ್ಟಣವನ್ನು ಸೇರಬೇಕೆಂದು ಅದು ಹೇಳಿತು. ಪಟ್ಟಣದಲ್ಲಿಯೂ ಕೆಟ್ಟರೆ ಏನು ಮಾಡಬೇಕೆಂದು ಹೇಳಲಿಲ್ಲ. ಹೋದವನು ಗೆದ್ದೇ ಬರಬೇಕು ಎಂಬುದು ಮಾತಿಲ್ಲದ ಕರಾರಾಯಿತು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ನಾನು ಮೆಚ್ಚುವ ಕಾರಣಗಳಲ್ಲಿ ಇದೂ ಒಂದು. ಅಲ್ಲಿ ಮೂರನೆಯ ತಲೆಮಾರಿನ ರಾಮ ಓದಿ, ಮುಂಬಯಿಯಲ್ಲಿ ಉದ್ಯೋಗಕ್ಕಾಗಿ ಅಲೆದು, ಕೊನೆಗೆ ಕಡಲ ಕರೆಯ ತನ್ನ ನೆಲಕ್ಕೆ ಹಿಂತಿರುಗುತ್ತಾನೆ. ಆ ಹಿಂತಿರುಗುವಿಕೆಯನ್ನು ಕಾರಂತರು ಸೋಲೆಂದು ಚಿತ್ರಿಸುವುದಿಲ್ಲ. ಕೃತಿಯ ಹೆಸರೇ ಅದಕ್ಕೆ ಸಾಕ್ಷಿ. ಇನ್ನೊಂದು ತುದಿಯಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ ಇದೆ. 1979ರಲ್ಲಿ ಬಂದ ಆ ಕಾದಂಬರಿಯ ನಾಗಪ್ಪನಿಗೆ ಮುಂಬಯಿಯ ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಯೇ ಇತ್ತು. ಅದು ಕೈತಪ್ಪುವ ಹೊತ್ತು ಬಂದಾಗ ಆ ನಗರದಲ್ಲಿ ತನಗೆ ಎಂದೂ ನೆಲೆಯಿರಲಿಲ್ಲವೆಂಬ ಭೀತಿ ಅವನನ್ನು ಬೇಟೆಯಾಡತೊಡಗುತ್ತದೆ. ಕೆಲಸ ಬೇರೆ, ನೆಲೆ ಬೇರೆ ಎಂಬುದನ್ನು ಈ ಎರಡು ಕೃತಿಗಳೂ ತಮ್ಮ ತಮ್ಮ ಬಗೆಯಲ್ಲಿ ತೋರಿಸುತ್ತವೆ.

ಕನ್ನಡದಲ್ಲಿ ‘ಊರು’ ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ವಾಸಿಸುವ ಸ್ಥಳ ಊರು. ಕಾಲನ್ನು ಗಟ್ಟಿಯಾಗಿ ನೆಲಕ್ಕೆ ಒತ್ತುವುದೂ ಊರುವುದೇ. ಕಾಲೂರಿದ ಕಡೆ ಊರು ಎಂದುಕೊಂಡರೆ ಹೊಸ ನಗರವೂ ಒಂದು ದಿನ ಊರಾದೀತು. ಆದರೆ ಕಾಲೂರುವುದಕ್ಕೆ ಅಂಗೈಯಗಲ ಜಾಗವಾದರೂ ಬೇಕು.

ಈಗಿನ ತರುಣರು ಹೆಚ್ಚಾಗಿ ಹೋಗುವುದು ಬೆಂಗಳೂರಿಗೆ. ಕಾಲ ಬದಲಾಗಿದೆ; ಉದ್ಯೋಗದ ಸುದ್ದಿ ಅಂಗೈಯಲ್ಲಿರುವ ಫೋನಿನಲ್ಲಿ ಬರುತ್ತದೆ. ಆದರೂ ಹಳೆಯ ಬಿಡುವು ಹಾಗೆಯೇ ಇದೆ. ಬಾಡಿಗೆ ಮನೆಗೆ ಹತ್ತು ತಿಂಗಳ ಮುಂಗಡ ಕೇಳುವ ರೂಢಿ ಆ ನಗರದಲ್ಲಿ ಬಹುಕಾಲ ನಡೆದು ಬಂದಿತು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಮುಂಗಡ ಕೂಡದೆಂದು ಹೇಳಿತು. ಅದು ಮಾದರಿ ಮಾತ್ರ. ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟದ್ದು. ಇದರ ಜೊತೆಗೆ ಇನ್ನೊಂದು ಚಕ್ರವ್ಯೂಹ. ಕೆಲಸವೆಲ್ಲಿ ಎಂದು ಮನೆಯ ಮಾಲೀಕರು ಕೇಳುತ್ತಾರೆ. ಮನೆಯ ವಿಳಾಸವೇನು ಎಂದು ಕೆಲಸ ಕೊಡುವವರು ಕೇಳುತ್ತಾರೆ. ಈ ಎರಡು ಪ್ರಶ್ನೆಗಳ ನಡುವೆ ಸಿಕ್ಕಿಕೊಂಡವನಿಗೆ ಹಂಚಿಕೊಳ್ಳುವ ಕೋಣೆಯ ಒಂದು ಮಂಚವೇ ಗತಿ. ಮೇಜು ಜೋಡಿಸಿ ಮಲಗುವ ಹೊಟೇಲಿನ ಜಾಗವನ್ನು ಇಂದು ಪೇಯಿಂಗ್ ಗೆಸ್ಟ್ ವಸತಿಗಳು ತುಂಬಿವೆ ಎನ್ನಬಹುದು. ಆದರೆ ಮೊದಲನೆಯದರಲ್ಲಿ ಮಲಗಲು ದುಡ್ಡು ಕೊಡಬೇಕಿರಲಿಲ್ಲ.

ಗಾದೆಯನ್ನು ಕಟ್ಟಿದವರು ಗಂಡಸನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ತೋರುತ್ತದೆ. ಇಂದು ಸಿದ್ಧ ಉಡುಪಿನ ಕಾರ್ಖಾನೆಗೆ, ಆಸ್ಪತ್ರೆಯ ಶುಶ್ರೂಷೆಗೆ, ಕಂಪ್ಯೂಟರ್ ಕಚೇರಿಗಳಿಗೆ ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೊರಡುತ್ತಾರೆ. ಅವರ ಕಾಯುವಿಕೆ ಇನ್ನಷ್ಟು ಬಿಗಿಯಾದದ್ದು. ಗಂಡುಹುಡುಗನಿಗೆ ಮನೆಯವರು ಒಂದು ವರ್ಷ ಕೊಡುವಲ್ಲಿ ಹುಡುಗಿಗೆ ಮೂರು ತಿಂಗಳು ಕೊಡುತ್ತಾರೆ. ‘ಆಗದಿದ್ದರೆ ಬಂದುಬಿಡು’ ಎಂಬ ಮಾತು ಹುಡುಗನಿಗೆ ಹೇಳಿದರೆ ಆಸರೆ. ಹುಡುಗಿಗೆ ಹೇಳಿದಾಗ ಅದರ ಹಿಂದೆ ಅನೇಕ ವೇಳೆ ಮದುವೆಯ ಗಡುವು ನಿಂತಿರುತ್ತದೆ. ಬಾಗಿಲನ್ನು ತೆರೆದಿಡುವುದು ಒಂದು, ಆ ಬಾಗಿಲಿನಿಂದ ಕೈಹಿಡಿದು ಒಳಕ್ಕೆ ಎಳೆದುಕೊಳ್ಳುವುದು ಇನ್ನೊಂದು.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ನಗರಗಳಿಂದ ಊರಿನ ಕಡೆಗೆ ನಡೆದುಹೊರಟ ಜನರ ಸಾಲನ್ನು ನಾವೆಲ್ಲ ಕಂಡೆವು. ಶ್ರಮಿಕ ವಿಶೇಷ ರೈಲುಗಳು ಓಡತೊಡಗಿದ್ದು ಮೇ 1ರಿಂದ. ಅದುವರೆಗೆ ನೂರಾರು ಮೈಲಿ ನಡೆದವರಿದ್ದರು. ಅವರಿಗೆ ನಗರದಲ್ಲಿ ಕೆಲಸವಿತ್ತು, ನೆಲೆಯಿರಲಿಲ್ಲ. ಕೆಲಸ ನಿಂತ ದಿನವೇ ನಗರ ಅವರ ಪಾಲಿಗೆ ಪರವೂರಾಯಿತು. ನಗರವನ್ನು ಕಟ್ಟಿದವರು ನಗರದೊಳಗೆ ಎಷ್ಟು ಆಳಕ್ಕೆ ಊರಿದ್ದರೆಂಬುದನ್ನು ಆ ಬೇಸಗೆ ತೋರಿಸಿಕೊಟ್ಟಿತು.

ಹಾಗಾದರೆ ಕೆಲಸ ಗೊತ್ತಿಲ್ಲದೆ ಹೋಗಬಾರದೇ? ಹೋಗಬಾರದೆಂದು ಹೇಳಲು ನನಗೆ ಮನಸ್ಸಿಲ್ಲ. ಊರಿನಲ್ಲಿ ಕುಳಿತು ಅರ್ಜಿ ಬರೆಯುತ್ತಲೇ ವಯಸ್ಸು ಕಳೆದವರನ್ನು ಸಾಕಷ್ಟು ಕಂಡಿದ್ದೇನೆ. ಕೆಲವು ಕೆಲಸಗಳ ಸುದ್ದಿ ಅಲ್ಲಿ ಹೋಗಿ ನಿಂತವನಿಗೆ ಮಾತ್ರ ತಿಳಿಯುತ್ತದೆ. ಆದರೆ ಹೊರಡುವವನು ಮೂರು ವಿಷಯಗಳನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಎಷ್ಟು ತಿಂಗಳು ಕಾಯುವುದು ಎಂಬುದಕ್ಕೆ ಒಂದು ಮಿತಿ ಇರಲಿ; ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದಷ್ಟೆ. ಹಿಂತಿರುಗುವ ಬಸ್ಸಿನ ದುಡ್ಡನ್ನು ಊಟಕ್ಕೂ ಮುಟ್ಟದಂತೆ ಬೇರೆಯಾಗಿ ಕಟ್ಟಿಡಲಿ. ಸಣ್ಣ ಕೆಲಸ ಸಿಕ್ಕರೆ ಹಿಡಿಯಲಿ, ಆದರೆ ಆ ಕೆಲಸಕ್ಕೆ ದಿನದ ಎಲ್ಲ ಗಳಿಗೆಗಳನ್ನೂ ಒಪ್ಪಿಸದೆ ರಾತ್ರಿಶಾಲೆಯ ಆ ಎರಡು ಗಂಟೆಗಳನ್ನು ಉಳಿಸಿಕೊಳ್ಳಲಿ. ಇವುಗಳಿಗಿಂತಲೂ ಮುಖ್ಯವಾದದ್ದು, ಮನೆಯಲ್ಲಿ ಒಬ್ಬರಿಗಾದರೂ, ಅಕ್ಕನಿಗೋ ಚಿಕ್ಕಪ್ಪನಿಗೋ, ಇದ್ದದ್ದನ್ನು ಇದ್ದಂತೆಯೇ ತಿಳಿಸುತ್ತಿರಲಿ.

ಊರಿನಲ್ಲಿ ಉಳಿದ ನಮಗೂ ಒಂದು ಕರ್ತವ್ಯವಿದೆ. ಅದಕ್ಕೆ ದುಡ್ಡು ಬೇಡ, ಪ್ರಭಾವ ಬೇಡ. ಹೋದವನ ತಾಯಿಯನ್ನು ಕಂಡಾಗ ಸಂಬಳ ಕೇಳದೆ ‘ಹುಡುಗ ಹುಷಾರಾಗಿದ್ದಾನೆಯೇ?’ ಎಂದು ಕೇಳಿದರೆ ಸಾಕು. ಬರಿಗೈಯಲ್ಲಿ ಮರಳಿದವನಿಗೆ ‘ಯಾವಾಗ ಬಂದೆ? ಊಟಕ್ಕೆ ಬಾ’ ಎಂದರೆ ಸಾಕು, ‘ಯಾಕೆ ಬಂದೆ?’ ಎಂದು ಕೇಳಬೇಕಾಗಿಲ್ಲ. ಮರಳುವ ದಾರಿ ತೆರೆದಿದೆಯೆಂದು ಖಚಿತವಾಗಿ ತಿಳಿದವನು ಹೊಸ ನಗರದಲ್ಲಿ ಇನ್ನೂ ನಾಲ್ಕು ದಿನ ಹೆಚ್ಚು ಧೈರ್ಯವಾಗಿ ನಿಂತಾನು. ನಮ್ಮ ಹಿರಿಯರ ಗಾದೆಗೆ ಒಂದು ಮಾತನ್ನು ಸೇರಿಸುವ ಅಧಿಕಾರ ನನಗೆ ಇದ್ದಿದ್ದರೆ ಹೀಗೆ ಸೇರಿಸುತ್ತಿದ್ದೆ: ಕೆಟ್ಟು ಪಟ್ಟಣ ಸೇರು, ಅಲ್ಲಿಯೂ ಕೆಟ್ಟರೆ ಮನೆ ಸೇರು, ಬಾಗಿಲು ಹಾಕಿಲ್ಲ.

(ಬಾನುಲಿ ಭಾಷಣ)